ಚಾರ್ಟ್ ಕತೆ ಪ್ರಾಸದಲ್ಲಿ: ಶುರು ಎಲ್ಲಿಂದ?

ಬ್ರಿಟನ್ನಿನ ಪಾಪ್ ಚಾರ್ಟ್, ಅಂದರೆ ವಾರವಾರ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿ, ಅದರ ಇತಿಹಾಸವನ್ನು ರೇಡಿಯೋಗೆ ಪ್ರಾಸದಲ್ಲಿ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೊದಲ ಪಟ್ಟಿಯಿಂದಲೇ ಮಾಡಿ, ಆ ಕತೆಯೇ ಮಜವಾಗಿದೆ. 1952ರ ನವೆಂಬರ್ 14ರಂದು ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆ ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಮಾರಾಟದ ಲೆಕ್ಕ ತಗೊಂಡಿದ್ದರು. ಸ್ಥಾನ 12, ಹಾಡು 15! ಕೆಲವು ಸಮ ಬಂದಿದ್ದವು, ಅಷ್ಟೇ. ಗಾಯಕ ಅಲ್ ಮಾರ್ಟಿನೋ ಒಂಬತ್ತು ವಾರ ಮೊದಲ ಸ್ಥಾನದಲ್ಲೇ ಕೂತರು.

ಹೀಗೆ ಬರೆಯಬಹುದಲ್ವಾ:

ಐವತ್ತೆರಡರ ನವೆಂಬರ್ ತಿಂಗಳು, ಹಾಡಿನ ಮಾರಾಟ ಜೋರು,
ಅಂಗಡಿಗಂಗಡಿ ಫೋನು ಹಚ್ಚಿದರು: ಈ ವಾರ ಮೊದಲು ಯಾರು?

ಆದಿಪ್ರಾಸದ ಗೋಜು ಬೇಡ. ರೇಡಿಯೋದಲ್ಲಿ ಕಿವಿಗೆ ಜಾಸ್ತಿ ಸಿಗೋದು ಸಾಲಿನ ಕೊನೆ. ಇಸವಿಯನ್ನು ಮಾತ್ರ ಕೊನೆಗೆ ಇಡಬೇಡಿ, ಪ್ರಾಸಕ್ಕೆ ಸುಮ್ನೆ ಒದ್ದಾಡುತ್ತೀರಿ.