ಫಿಲ್ಟರ್ ತೆಗೆಯುವ ಮುನ್ನ

ಹೆಸರು ಬೇಡವೆಂದ ಓದುಗರೊಬ್ಬರ ಪತ್ರದ ಸಾರ: “ನನಗೀಗ 38. ನಾಲ್ಕೈದು ವರ್ಷಗಳಿಂದ ಫಿಲ್ಟರ್ ಇಲ್ಲದ ಒಂದು ಫೋಟೊವನ್ನೂ ಇನ್‌ಸ್ಟಾಗ್ರಾಂಗೆ ಹಾಕಿಲ್ಲ. ಫಿಲ್ಟರ್ ತೆಗೆದರೆ ಮೂಗು ದಪ್ಪ, ಕಣ್ಣ ಕೆಳಗೆ ಕಪ್ಪು. ಅದೇ ತಾನೆ ನನ್ನ ನಿಜವಾದ ಮುಖ? ಈಗ ವಿಡಿಯೊ ಕಾಲ್ ಬಂದರೆ ಎತ್ತಲು ಹಿಂಜರಿಕೆ, ಹಳೆಯ ಗೆಳತಿಯರನ್ನು ಕಾಣಲೂ ಅಳುಕು. ‘ನಿನ್ನ ದೇಹವನ್ನು ಪ್ರೀತಿಸು’ ಎನ್ನುವ ಪೋಸ್ಟ್ ಓದಿದರೆ ಅದೂ ನನ್ನ ಕೈಲಾಗಲಿಲ್ಲವಲ್ಲ ಎಂದು ಇನ್ನಷ್ಟು ಕುಗ್ಗುತ್ತೇನೆ. ಮೊನ್ನೆ ನನ್ನ 12 ವರ್ಷದ ಮಗಳು ‘ಅಮ್ಮಾ, ಫಿಲ್ಟರ್ ಹಾಕದೆ ನನ್ನ ಫೋಟೊ ಯಾರಿಗೂ ಕಳಿಸಬೇಡ’ ಎಂದಳು. ಒಂದೇ ಸಲ ಫಿಲ್ಟರ್ ಇಲ್ಲದ ಮುಖ ಹಾಕಿ, ಎಲ್ಲವನ್ನೂ ಬರೆದು ಹಗುರಾಗೋಣ ಅನಿಸುತ್ತಿದೆ. ಹಾಕಲೇ? ಹಳೆಯ ಫೋಟೊಗಳನ್ನು ಏನು ಮಾಡಲಿ?”

ಪ್ರಿಯ ಓದುಗರೇ,

ಆ ಪೋಸ್ಟನ್ನು ಸದ್ಯಕ್ಕೆ ಹಾಕಬೇಡಿ. ನಿಮ್ಮ ಉದ್ದೇಶ ತಪ್ಪೆಂದಲ್ಲ. ಹಾಕಿದ ಮರುನಿಮಿಷವೇ ಎಷ್ಟು ಲೈಕ್ ಬಂತು, ಯಾರು ಏನೆಂದರು ಎಂದು ನೋಡುತ್ತಾ ಕೂರುತ್ತೀರಿ. ಹೊಗಳಿಕೆಯೇ ಬಂದರೂ ಅದು ಮುಖಕ್ಕೆ ಸಿಕ್ಕ ಅಂಕ. ಇಷ್ಟು ವರ್ಷ ನಿಮ್ಮನ್ನು ಹಣ್ಣುಮಾಡಿದ್ದು ಅದೇ ಅಂಕ. ಯಾರೋ ಒಬ್ಬರು ಕೊಂಕು ನುಡಿದರಂತೂ ಫಿಲ್ಟರ್ ಮತ್ತೆ ಬರುವುದು ಖಂಡಿತ, ಈ ಸಲ ಇನ್ನೂ ಬಿಗಿಯಾಗಿ. ಮೊದಲು ನಿಮ್ಮ ಕಣ್ಣಿಗೆ ನಿಮ್ಮ ಮುಖದ ರೂಢಿ ಮರಳಿ ಬರಲಿ. ಊರಿಗೆ ತೋರಿಸುವುದು ಆಮೇಲಿನ ಮಾತು. ಅದಕ್ಕೆ ಮೂರು ವಾರ ಇಟ್ಟುಕೊಳ್ಳಿ.

ಫಿಲ್ಟರ್ ತೆಗೆದಾಗ ಕಾಣುವುದೇ ನಿಜವಾದ ಮುಖವೇ ಎಂದು ಕೇಳಿದ್ದೀರಿ. ಅಲ್ಲ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಫೋನು ಮುಖದಿಂದ ಅಬ್ಬಬ್ಬಾ ಎಂದರೆ ಎರಡಡಿ ದೂರ ಇರುತ್ತದೆ. ಅಷ್ಟು ಹತ್ತಿರದಲ್ಲಿ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಬಹಳ ಸಮೀಪ, ಹಾಗಾಗಿ ಅದು ಹಿಗ್ಗಿ ಕಾಣುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ. 30 ಸೆಂಟಿಮೀಟರ್ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಸುಮಾರು 30% ಅಗಲವಾಗಿ ಕಾಣುತ್ತದೆ, ಒಂದೂವರೆ ಮೀಟರ್ ದೂರ ಹೋದರೆ ಆ ಹಿಗ್ಗುವಿಕೆ ಹೆಚ್ಚುಕಡಿಮೆ ಮಾಯ ಎಂದು ಮುಖದ ಶಸ್ತ್ರಚಿಕಿತ್ಸಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುತ್ತದೆ, ಸಣ್ಣ ಮಾಡಿಕೊಡಿ ಎಂದು ಜನ ಬರತೊಡಗಿದ್ದರಿಂದಲೇ ಅವರು ಆ ಲೆಕ್ಕಕ್ಕೆ ಕೂತದ್ದು.

ಇನ್ನೊಂದು ಕಾರಣ ಕನ್ನಡಿ. ಹುಟ್ಟಿದಾಗಿನಿಂದ ನೀವು ನೋಡಿರುವುದು ಎಡಬಲ ತಿರುಗಿದ ಮುಖ. ಯಾರ ಮುಖವೂ ಎರಡೂ ಬದಿ ಸಮ ಇರುವುದಿಲ್ಲ, ಹಾಗಾಗಿ ಫೋಟೊದಲ್ಲಿ ತಿರುಗದೆ ಬಂದ ಮುಖ ಏನೋ ಸೊಟ್ಟಗಿದೆ ಅನಿಸುತ್ತದೆ. 1977ರಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೆಂಗಸರಿಗೆ ಅವರದೇ ಎರಡು ಬಗೆಯ ಚಿತ್ರ ತೋರಿಸಿದಾಗ ಹೆಚ್ಚಿನವರು ಕನ್ನಡಿಯಂತೆ ತಿರುಗಿದ್ದನ್ನು ಆರಿಸಿದರು, ಅವರ ಆಪ್ತರು ಆರಿಸಿದ್ದು ತಿರುಗದ್ದನ್ನು. ಇಬ್ಬರೂ ತಮಗೆ ರೂಢಿಯಾದ ಮುಖವನ್ನೇ ಮೆಚ್ಚಿದ್ದರು. ನಿಮಗೆ ಈಗ ರೂಢಿಯಾಗಿರುವುದು ಫಿಲ್ಟರಿನ ಮುಖ. ತೊಂದರೆಯ ಬೇರು ಅಲ್ಲಿದೆ, ಮೂಗಿನಲ್ಲಿಲ್ಲ.

ಆದ್ದರಿಂದ ಮೊದಲ ವಾರ ಇದನ್ನು ಮಾಡಿ. ಫೋನಿನ ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ‘ಬ್ಯೂಟಿ’ ಎಂಬ ಆಯ್ಕೆ ಇದೆಯೇ ನೋಡಿ. ಎಷ್ಟೋ ಫೋನುಗಳಲ್ಲಿ ನೀವು ಕೇಳದೆಯೇ ಅದು ಚಾಲೂ ಇರುತ್ತದೆ. ಸೊನ್ನೆಗೆ ಇಳಿಸಿ. ವಿಡಿಯೊ ಕಾಲಿನ ಆ್ಯಪಿನಲ್ಲೂ ಮುಖ ನುಣುಪು ಮಾಡುವ ಆಯ್ಕೆ ಇದ್ದರೆ ತೆಗೆಯಿರಿ. ಹಗಲು ಹೊತ್ತು ಕಿಟಕಿಗೆ ಎದುರಾಗಿ, ತುಸು ಓರೆಯಾಗಿ ಕುಳಿತುಕೊಳ್ಳಿ. ಚಾವಣಿಯ ದೀಪ ಬೇಡ: ಮೇಲಿನಿಂದ ಬೀಳುವ ಬೆಳಕು ಹುಬ್ಬಿನ ನೆರಳನ್ನು ಕಣ್ಣ ಕೆಳಗೆ ಚೆಲ್ಲುತ್ತದೆ, ನೀವು ಬರೆದಿರುವ ಕಪ್ಪಿನಲ್ಲಿ ಸಾಕಷ್ಟು ಪಾಲು ಅದರದ್ದಿರಬಹುದು. ಫೋನನ್ನು ಒಂದೂವರೆ ಮೀಟರ್ ದೂರದಲ್ಲಿ, ಕಣ್ಣಿನ ಎತ್ತರಕ್ಕೆ ಏನಕ್ಕಾದರೂ ಒರಗಿಸಿ ನಿಲ್ಲಿಸಿ, ಹಿಂಬದಿಯ ಕ್ಯಾಮೆರಾದಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆಯಿರಿ. ಸುಮ್ಮನೆ ಕೂರದೆ ಏನಾದರೂ ಮಾತಾಡಿ. ಜನ ನಿಮ್ಮನ್ನು ನೋಡುವುದು ಮಾತಾಡುವಾಗ, ನಗುವಾಗ. ಹೆಪ್ಪುಗಟ್ಟಿದ ಒಂದು ಕ್ಷಣವನ್ನಲ್ಲ.

ಆ ವಿಡಿಯೊವನ್ನು ಮರುದಿನ ನೋಡಿ. ಹಣೆಯಿಂದ ಕತ್ತಿನವರೆಗೆ ಒಂದೊಂದನ್ನೇ ಬಾಯಿಬಿಟ್ಟು ವಿವರಿಸುತ್ತಾ ಬನ್ನಿ, ಎದುರಿಗಿಲ್ಲದವರಿಗೆ ಗುರುತು ಹೇಳುವಂತೆ. ಹುಬ್ಬು ದಟ್ಟ, ಬಲಗೆನ್ನೆಯಲ್ಲಿ ಮಚ್ಚೆ, ಮೇಲ್ದುಟಿ ತೆಳು. ಚೆಂದ, ಅಸಹ್ಯ, ಜಾಸ್ತಿ, ಕಮ್ಮಿ ಎಂಬ ಮಾತು ಬಂದರೆ ತಡೆದು ಆಕಾರ, ಬಣ್ಣ, ಜಾಗ ಇಷ್ಟನ್ನೇ ಹೇಳಿ. ಇಷ್ಟವಿಲ್ಲದ ಜಾಗದಲ್ಲಿ ನಿಲ್ಲಬೇಡಿ, ಮುಂದಕ್ಕೆ ಹೋಗಿ. ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಲೇಬೇಡಿ: ಅಷ್ಟು ಸಮೀಪದಿಂದ ನಿಮ್ಮನ್ನು ನೋಡುವವರು ಹಲ್ಲಿನ ಡಾಕ್ಟರು ಮಾತ್ರ. ಮೊದಲ ಒಂದೆರಡು ಸಲ ಕಸಿವಿಸಿ ಏರುತ್ತದೆ. ಅರ್ಧಕ್ಕೆ ಬಿಟ್ಟೆದ್ದರೆ ಮನಸ್ಸಿನಲ್ಲಿ ಉಳಿಯುವುದು ಆ ಕಸಿವಿಸಿಯೇ, ಆದ್ದರಿಂದ ಕತ್ತಿನವರೆಗೆ ಮುಗಿಸಿಯೇ ಏಳಿ. ದಿನಕ್ಕೆ ಒಂದು ಸಲ ಸಾಕು. ಹತ್ತು ಸಲ ನೋಡತೊಡಗಿದರೆ ಅದು ಅಭ್ಯಾಸವಲ್ಲ, ತಪಾಸಣೆ. ಅದು ಆತಂಕವನ್ನು ಬೆಳೆಸುತ್ತದೆ.

ಎಲ್ಲ ತಿದ್ದುಪಡಿಯೂ ಸುಳ್ಳೇ ಎಂದು ನಾವು ಭಾವಿಸುವುದಿಲ್ಲ. ಕತ್ತಲೆಯಾದ ಫೋಟೊಗೆ ಬೆಳಕು ಕೂಡಿಸುವುದು, ಬಣ್ಣ ಸರಿಪಡಿಸುವುದು, ಅಂಚು ಕತ್ತರಿಸುವುದು ಹಿಂದಿನಿಂದಲೂ ಇದ್ದದ್ದೇ. ಮುಖದ ಫಿಲ್ಟರ್ ಮಾಡುವ ಕೆಲಸ ಬೇರೆ. ಅದು ಕಣ್ಣು, ಮೂಗು, ತುಟಿ, ದವಡೆಯ ಅಂಚನ್ನು ಬಿಂದುಗಳಾಗಿ ಗುರುತಿಸಿ ಆ ಬಿಂದುಗಳನ್ನು ಸರಿಸುತ್ತದೆ. ಕಣ್ಣು ಅರಳುತ್ತದೆ, ದವಡೆ ಕಿರಿದಾಗುತ್ತದೆ, ಚರ್ಮದ ರಂಧ್ರಗಳು ಅಳಿಸಿಹೋಗುತ್ತವೆ. ಮುಖಕ್ಕೆ ಕೈ ಅಡ್ಡ ತಂದರೆ ಲೆಕ್ಕ ತಪ್ಪಿ ಫಿಲ್ಟರ್ ನಡುಗುವುದನ್ನು ನೀವೇ ನೋಡಿರುತ್ತೀರಿ. ಬೆಳಕು ತಿದ್ದಿದ ಫೋಟೊದವರು ಎದುರು ಬಂದರೆ ಗುರುತು ಸಿಗುತ್ತದೆ. ಮೂಳೆ ತಿದ್ದಿದ ಫೋಟೊದವರಿಗೆ ಎದುರು ಬರಲೇ ಭಯ. ನಿಮ್ಮ ವಿಡಿಯೊ ಕಾಲಿನ ಹಿಂಜರಿಕೆ ಹುಟ್ಟಿದ್ದು ಅಲ್ಲಿಯೇ. ಹಾಗಾಗಿ ಬಿಡುವ ಕ್ರಮವೂ ಅದೇ ಇರಲಿ: ಮುಖದ ಆಕಾರ ಬದಲಿಸುವುದನ್ನು ಇಂದೇ ಪೂರ್ತಿ ಬಿಡಿ, ಬೇರೆಯವರಿಗೆ ಕಳಿಸುವ ಫೋಟೊಗಳಲ್ಲಿ ಚರ್ಮ ನುಣುಪು ಮಾಡುವುದನ್ನು ಅರ್ಧಕ್ಕೆ ಇಳಿಸಿ ಎರಡನೇ ವಾರದಲ್ಲಿ ಸೊನ್ನೆಗೆ ತನ್ನಿ, ಬೆಳಕು–ಬಣ್ಣವನ್ನು ನಿಮ್ಮಿಷ್ಟದಂತೆ ಇಟ್ಟುಕೊಳ್ಳಿ.

ನೋಡುವುದನ್ನೂ ಕಡಿಮೆ ಮಾಡಬೇಕು. ಮನಸ್ಸಿನ ತಳಮಳ ಇದ್ದ 17ರಿಂದ 25 ವಯಸ್ಸಿನವರು ಮೂರು ವಾರ ಸಾಮಾಜಿಕ ಜಾಲತಾಣವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿದಾಗ ತಮ್ಮ ರೂಪ ಮತ್ತು ತೂಕದ ಬಗ್ಗೆ ಅವರ ಅಭಿಪ್ರಾಯ ಸುಧಾರಿಸಿತು ಎಂದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ಹೇಳುತ್ತದೆ. ನಿಮ್ಮ ವಯಸ್ಸು ಬೇರೆ, ಆದರೂ ಮಾಡಿ ನೋಡಲು ನಷ್ಟವೇನಿಲ್ಲ. ಫೋನಿನ ಸೆಟ್ಟಿಂಗಿನಲ್ಲೇ ಒಂದು ಗಂಟೆಯ ಮಿತಿ ಹಾಕಬಹುದು. ಫೀಡು ನಿಮ್ಮ ಬೆರಳು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೊಟ್ಟೆ ಉರಿದುಕೊಂಡು ನೋಡಿದರೂ ಅದರ ಮಟ್ಟಿಗೆ ಅದು ಆಸಕ್ತಿಯೇ, ಅಂಥದ್ದನ್ನೇ ಇನ್ನಷ್ಟು ಬಡಿಸುತ್ತದೆ. ನೋಡಿ ಮುಗಿಸಿದಾಗ ನಿಮ್ಮನ್ನು ಕುಗ್ಗಿಸಿದ ಖಾತೆಗಳನ್ನು ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ, ನೆಂಟಸ್ತಿಕೆಯೂ ಕೆಡುವುದಿಲ್ಲ. ಶಿಫಾರಸಾಗಿ ಬಂದವಕ್ಕೆ ‘ಆಸಕ್ತಿಯಿಲ್ಲ’ ಒತ್ತಿ.

‘ಇದು ತಿದ್ದಿದ ಚಿತ್ರ’ ಎಂಬ ಚೀಟಿ ಕಂಡರೆ ಮನಸ್ಸಿಗೆ ನಾಟುವುದಿಲ್ಲ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಜಾಹೀರಾತಿನಲ್ಲಿ ದೇಹ ತಿದ್ದಿದರೆ ಹಾಗೆ ಬರೆಯಲೇಬೇಕೆಂದು ಫ್ರಾನ್ಸ್ 2017ರಿಂದ, ನಾರ್ವೆ 2022ರಿಂದ ನಿಯಮ ಮಾಡಿವೆ. ನೋಡುಗರಿಗೆ ಸತ್ಯ ತಿಳಿಯಬೇಕಾದ್ದು ನ್ಯಾಯ. ಆದರೆ ಚೀಟಿ ಓದಿದ ಮಾತ್ರಕ್ಕೆ ಹೋಲಿಕೆ ನಿಲ್ಲುವುದಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಬುದ್ಧಿಗೆ ಗೊತ್ತಿದ್ದರೂ ಕಣ್ಣು ಹೋಲಿಸಿಯೇ ಬಿಡುತ್ತದೆ. ಅದು ನಿಮ್ಮ ದೌರ್ಬಲ್ಯವಲ್ಲ.

‘ದೇಹವನ್ನು ಪ್ರೀತಿಸು’ ಎಂಬ ಮಾತಿಗೆ ಬರೋಣ. ಪ್ರೀತಿಸಲೇಬೇಕೆಂಬ ಕಟ್ಟಳೆ ಇಲ್ಲ. ಅಂಥ ಪೋಸ್ಟುಗಳು ಕೆಲವರಿಗೆ ಆ ಹೊತ್ತಿಗೆ ಸಮಾಧಾನ ಕೊಡುತ್ತವೆ ನಿಜ, ಆದರೆ ಅವೂ ಗಮನವನ್ನು ತಿರುಗಿಸುವುದು ರೂಪದ ಕಡೆಗೇ. ದೇಹದ ಬಗ್ಗೆ ತಟಸ್ಥವಾಗಿದ್ದರೂ ಸಾಕು, ಇವತ್ತು ಅದರ ಯೋಚನೆಯೇ ಬರಲಿಲ್ಲ ಎಂಬ ದಿನಗಳು ಹೆಚ್ಚಾದರೆ ಸಾಕು. ಇದಕ್ಕೆ ಸಂಶೋಧಕರು ಬಳಸಿ ಫಲ ಕಂಡ ಒಂದು ಬರವಣಿಗೆ ಇದೆ: ತಲಾ 15 ನಿಮಿಷದಂತೆ ಮೂರು ಸಲ ಕೂತು ದೇಹ ಏನೇನು ಮಾಡುತ್ತದೆ, ಅದು ನಿಮಗೇಕೆ ಮುಖ್ಯ ಎಂದು ಬರೆಯುವುದು. ‘ಕಾಲು ನಡೆಯುತ್ತದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮಗಳು ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದ ರಾತ್ರಿ ಅವಳ ಹಣೆ ಎಷ್ಟು ಕಾದಿದೆ ಎಂದು ಈ ಅಂಗೈಗೆ ಗೊತ್ತಾಯಿತು’ ಎಂಬಷ್ಟು ಖಚಿತವಾಗಿರಬೇಕು. ನೋವು, ಕಾಯಿಲೆ ಇರುವ ದೇಹದ ಬಗ್ಗೆಯೂ ಬರೆಯಬಹುದು. ಆಗದೇ ಇರುವುದನ್ನು ಆಗುತ್ತದೆ ಎಂದು ಬರೆಯುವ ಅಗತ್ಯವಿಲ್ಲ.

ಮೂರನೇ ವಾರ ಫೋಟೊ ಹಾಕಿ. ನೀವೊಬ್ಬರೇ ಇರುವ ಮುಖದ ಚಿತ್ರ ಬೇಡ, ಏನೋ ಕೆಲಸದಲ್ಲಿ ತೊಡಗಿದ್ದು, ಬೇರೆಯವರು ತೆಗೆದದ್ದು ಇರಲಿ. ‘ಫಿಲ್ಟರ್ ಇಲ್ಲ’ ಎಂದು ಬರೆಯಬೇಡಿ, ಕ್ಷಮೆಯನ್ನೂ ಕೇಳಬೇಡಿ. ಪ್ರಾಮಾಣಿಕತೆಯೆಂದರೆ ಎಲ್ಲವನ್ನೂ ಬಿಚ್ಚಿಡುವುದೆಂದು ಯಾರು ಹೇಳಿದರು? ತೋರಿಸಿದಷ್ಟು ನಿಜವಾಗಿರಬೇಕು, ತೋರಿಸದಿರುವ ಹಕ್ಕು ನಿಮ್ಮದೇ. ಹಾಕುವ ಮೊದಲು ಲೈಕುಗಳ ಸಂಖ್ಯೆ ಕಾಣದಂತೆ ಸೆಟ್ಟಿಂಗ್ ಬದಲಿಸಿ, ಆ ಸೌಲಭ್ಯ ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಇದೆ. ಹಾಕಿ, ಆ್ಯಪ್ ಮುಚ್ಚಿ, ಮರುದಿನ ತೆರೆಯಿರಿ. ‘ಏನು ಹೀಗಾಗಿಬಿಟ್ಟಿದ್ದೀಯ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ‘ಚೆನ್ನಾಗಿದ್ದೀನಿ, ನೀವು ಹೇಗಿದ್ದೀರಿ?’ ಇಷ್ಟೇ ಉತ್ತರ. ಕಾರಣ ಕೊಡಲು ಹೋದರೆ ಅವರ ಪ್ರಶ್ನೆ ಸರಿಯೆಂದು ಒಪ್ಪಿಕೊಂಡ ಹಾಗೆ. ಬೇಸರವಾದರೆ ಆ ಕಾಮೆಂಟನ್ನು ಅಳಿಸಿ, ಅದರಲ್ಲಿ ಅಪ್ರಾಮಾಣಿಕವಾದದ್ದು ಏನೂ ಇಲ್ಲ.

ಮಗಳ ಮಾತು ನಮ್ಮನ್ನೂ ಕಾಡಿತು. ‘ಇಲ್ಲ ಕಂದಾ, ನೀನೇ ಚೆಂದ’ ಎಂದು ಬಾಯಿ ಮುಚ್ಚಿಸಬೇಡಿ. ‘ಫಿಲ್ಟರ್ ಇಲ್ಲದಿದ್ದರೆ ಏನಾಗುತ್ತೆ ಅನಿಸುತ್ತೆ?’ ಎಂದು ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ತರಗತಿಯಲ್ಲಿ ಯಾರೋ ಏನೋ ಅಂದಿರಬಹುದು. ಈ ವಯಸ್ಸಿನಲ್ಲಿ ಮೈ ತುಂಬಿಕೊಳ್ಳುವುದು, ಮೊಡವೆ ಏಳುವುದು ಬೆಳವಣಿಗೆಯ ಭಾಗ, ಹೆಣ್ಣುಮಕ್ಕಳ ಸೊಂಟ, ತೊಡೆಗಳಲ್ಲಿ ಕೊಬ್ಬು ಕೂಡುವುದೂ ಹಾಗೆಯೇ. ಅದನ್ನು ಅವಳಿಗೆ ನೇರವಾಗಿ ಹೇಳಿ, ಡಯಟ್ ಮಾತು ಮಾತ್ರ ಎತ್ತಬೇಡಿ. ಒಂದೂವರೆ ಮೀಟರಿನ ಪ್ರಯೋಗವನ್ನು ಅವಳ ಜೊತೆಗೂ ಮಾಡಬಹುದು: ಮೂಗು ಹಿಗ್ಗುವುದನ್ನು ಕಂಡು ಮಕ್ಕಳು ನಗುತ್ತಾರೆ, ಬೇಗ ಅರ್ಥವೂ ಮಾಡಿಕೊಳ್ಳುತ್ತಾರೆ. ಅವಳ ಫೋಟೊ ಹಾಕುವ ಮುನ್ನ ಅವಳನ್ನು ಕೇಳಿ, ಬೇಡವೆಂದರೆ ಬೇಡ. ಕನ್ನಡಿ ಮುಂದೆ ನಿಂತು ನಿಮ್ಮನ್ನು ನೀವೇ ಹಳಿದುಕೊಳ್ಳುವುದನ್ನು ಅವಳೆದುರು ಇಂದಿನಿಂದಲೇ ನಿಲ್ಲಿಸಿ. ನಮ್ಮ ದೃಷ್ಟಿಯಲ್ಲಿ ಈ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಿನ ಕೆಲಸ ಅದು. ಪರದೆಯ ಚಿತ್ರ ಮಕ್ಕಳನ್ನು ಎಷ್ಟು ಬೇಗ ತಾಗುತ್ತದೆಂದು ತಿಳಿಯಲು ಫಿಜಿಯನ್ನು ನೋಡಬಹುದು. ಅಲ್ಲಿನ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು, ಆಗ ಸಮೀಕ್ಷೆ ಮಾಡಿದ ಶಾಲಾ ಹುಡುಗಿಯರಲ್ಲಿ ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರ ಹೊತ್ತಿಗೆ 11.3% ಇದ್ದರು. ಫೋನಿಗೆ ಹೋಲಿಸಿದರೆ ಟಿವಿ ಎಷ್ಟು ದೂರದ ವಸ್ತು!

ಇಷ್ಟಕ್ಕೆ ನಿಲ್ಲದ ಸ್ಥಿತಿಯೂ ಇರುತ್ತದೆ. ರೂಪದ ಒಂದು ಕೊರತೆಯ ಯೋಚನೆ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿದು ಕೂರಿಸಿದರೆ, ಕನ್ನಡಿಯಿಂದ ಏಳಲಾಗದಿದ್ದರೆ ಅಥವಾ ಕನ್ನಡಿಗಳನ್ನೇ ಮುಚ್ಚಿಡುವಂತಾದರೆ, ಕೆಲಸಕ್ಕೆ, ಶಾಲೆಗೆ ಹೋಗುವುದು ತಪ್ಪಿದರೆ, ಊಟ ಬಿಡುವುದು ಅಥವಾ ಉಂಡದ್ದನ್ನು ಕಕ್ಕುವುದು ಶುರುವಾದರೆ ಮೂರು ವಾರ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ರೂಪದ ಕೊರತೆಯ ಯೋಚನೆಯೇ ಹೀಗೆ ಹಿಡಿದು ಕೂರಿಸುವ ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎಂಬ ತೊಂದರೆ ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ. ಅದಕ್ಕೆಂದೇ ರೂಪಿಸಿದ, ಯೋಚನೆ ಮತ್ತು ನಡವಳಿಕೆಯ ರೂಢಿಯನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆಯಿಂದ, ಕೆಲವರಿಗೆ ಔಷಧಿಯಿಂದ ಗುಣ ಕಾಣುತ್ತದೆ. ಇಂಥವರು ಮೂಗನ್ನೋ ಗಲ್ಲವನ್ನೋ ಶಸ್ತ್ರಚಿಕಿತ್ಸೆಯಿಂದ ತಿದ್ದಿಸಿಕೊಂಡರೂ ಸಾಮಾನ್ಯವಾಗಿ ಚಿಂತೆ ಹೋಗುವುದಿಲ್ಲ, ಎಷ್ಟೋ ಸಲ ಮುಖದ ಇನ್ನೊಂದು ಜಾಗಕ್ಕೆ ದಾಟಿಕೊಳ್ಳುತ್ತದೆ. ಸಾಯಬೇಕೆಂಬ ಯೋಚನೆ ಸುಳಿದರಂತೂ ಅದೇ ದಿನ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ.

ಹಳೆಯ ಫೋಟೊಗಳನ್ನು ರಾತ್ರಿ ಕೂತು ಒಂದೇ ಸಮನೆ ಅಳಿಸಬೇಡಿ. ಅವುಗಳಲ್ಲಿ ಮಗಳ ಹುಟ್ಟುಹಬ್ಬಗಳಿರುತ್ತವೆ, ಈಗ ಇಲ್ಲದವರೂ ಇರಬಹುದು. ಮೊದಲು ಪ್ರೊಫೈಲ್ ಚಿತ್ರ ಬದಲಿಸಿ, ಹೊಸಬರು ನಿಮ್ಮನ್ನು ಗುರುತಿಸುವುದು ಅದರಿಂದ. ಮುಖದ ಆಕಾರವೇ ಬದಲಾಗಿರುವ ಚಿತ್ರಗಳನ್ನು ಆರ್ಕೈವ್‌ಗೆ ಸರಿಸಿ, ಬೇಕೆಂದಾಗ ವಾಪಸು ತರಬಹುದು. ಉಳಿದವು ಇದ್ದಲ್ಲೇ ಇರಲಿ. ಹಳೆಯ ಗೆಳತಿಯರ ಪೈಕಿ ನಿಮಗೆ ಅತಿ ಸಲುಗೆ ಇರುವ ಒಬ್ಬರಿಗೆ ಈ ವಾರವೇ ವಿಡಿಯೊ ಕಾಲ್ ಮಾಡಿ, ನಿಮ್ಮ ಮುಖ ನಿಮಗೇ ಕಾಣುವ ಪುಟ್ಟ ಚೌಕವನ್ನು ಮರೆಮಾಡಿ ಮಾತಾಡಿ.

— ಸಂಪಾದಕರು