ಪಿಕಪ್ ತಡೆದಿಟ್ಟುಕೊಳ್ಳಬಹುದೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ನೀರ್ಚಾಲು ಸಮೀಪ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ನಾನು, ಜೊತೆಗೆ ಇಬ್ಬರು ಹುಡುಗರು. ಚೆರ್ಕಳ ಕಡೆಯವರೊಬ್ಬರು ಕ್ಲಚ್ ಜಾರುತ್ತದೆ ಎಂದು ಪಿಕಪ್ ತಂದು ಬಿಟ್ಟರು. ಒಂಬತ್ತು ಸಾವಿರ ಆಗಬಹುದು ಎಂದೆ. ಗೇರ್‌ಬಾಕ್ಸ್ ಇಳಿಸುವಾಗ ಹಿಂದಿನ ಎರಡೂ ಚಕ್ರಗಳಲ್ಲಿ ಬ್ರೇಕ್ ಸಿಲಿಂಡರ್ ಸೋರುವುದು ಕಂಡಿತು. ಫೋನ್ ಮಾಡಿದಾಗ "ಆಗಲಿ" ಎಂದರು. ಅದನ್ನೂ ಮಾಡಿದೆ. ಬಿಡಿಭಾಗಕ್ಕೆ 2,600, ಮಜೂರಿ 1,400. ಜಿಎಸ್‌ಟಿ ಸೇರಿಸಿ ಬಿಲ್ಲು 15,340 ರೂಪಾಯಿ ಆಯಿತು. ಈಗ ಅವರು ಬ್ರೇಕ್ ಕೆಲಸ ನಾನು ಹೇಳಲೇ ಇಲ್ಲ ಎನ್ನುತ್ತಾರೆ. ಪೂರ್ತಿ ಹಣ ಕೊಡದೆ ವಾಹನ ಬಿಡುವುದಿಲ್ಲ ಎಂದು ಹೇಳಿದ್ದೇನೆ. ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ಹೆದರಿಸುತ್ತಿದ್ದಾರೆ. ವಾಹನ ಬಿಡುವಾಗ ಕೆಲಸ ಬರೆದು ರುಜು ಪಡೆದ ಜಾಬ್ ಕಾರ್ಡ್ ಮತ್ತು ಬಿಲ್ಲಿನ ಫೋಟೋ ಕಳುಹಿಸಿದ್ದೇನೆ. ನನ್ನ ತಪ್ಪೇನು?

ಉತ್ತರ: ನಿಮ್ಮ ಜಾಬ್ ಕಾರ್ಡನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ವಾಹನದ ನಂಬರ್, ದಿನಾಂಕ. ನಡುವೆ ಕನ್ನಡದಲ್ಲಿ "ಕ್ಲಚ್ ಕೆಲಸ" ಎಂಬ ಎರಡೇ ಪದ. ಮೂಲೆಯಲ್ಲಿ ಗ್ರೀಸ್ ಮೆತ್ತಿದ ಹೆಬ್ಬೆರಳಿನ ಗುರುತು. ಕೆಳಗೆ ಮಲಯಾಳದಲ್ಲಿ ಅವರ ರುಜು. ಓಡಿದ ಕಿಲೋಮೀಟರ್ ಇಲ್ಲ, ಅಂದಾಜು ಮೊತ್ತ ಇಲ್ಲ, ಬ್ರೇಕಿನ ಸುದ್ದಿಯೇ ಇಲ್ಲ. ನೀವು ಕೆಲಸದಲ್ಲಿ ಮೋಸ ಮಾಡಿದವರಲ್ಲ ಎಂಬುದು ಪತ್ರ ಓದಿದರೆ ತಿಳಿಯುತ್ತದೆ. ಆದರೆ ಅದನ್ನು ಆಯೋಗಕ್ಕೆ ಹೇಳಬೇಕಾದ ಕಾಗದ ಏನನ್ನೂ ಹೇಳುತ್ತಿಲ್ಲ.

ತಡೆದಿಟ್ಟುಕೊಳ್ಳುವ ಹಕ್ಕು ನಿಮಗೆ ಇದೆ. 1872ರ ಭಾರತೀಯ ಕರಾರು ಕಾಯಿದೆಯ 170ನೇ ಕಲಮಿನಂತೆ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದವನು ತನ್ನ ಕೂಲಿ ಸಿಗುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಆದರೆ ಯಾವ ಉದ್ದೇಶಕ್ಕೆ ಒಪ್ಪಿಸಿದರೋ ಆ ಕೆಲಸದ ಕೂಲಿಗೆ ಮಾತ್ರ. ಕ್ಲಚ್ಚಿಗೆ ನಿಮ್ಮ ಹಕ್ಕು ಗಟ್ಟಿ. ಬ್ರೇಕಿಗೆ ಅವರ ಒಪ್ಪಿಗೆ ಇತ್ತೆಂದು ನೀವು ತೋರಿಸಬೇಕು. ಫೋನಿನ ದಾಖಲೆ ನೀವು ಮಾತಾಡಿದ್ದನ್ನು ತೋರಿಸುತ್ತದೆ, ಏನು ಮಾತಾಡಿದಿರಿ ಎಂಬುದನ್ನಲ್ಲ.

ಇದೇ ಕಲಮಿನ ಕೆಳಗೆ ಕಾಯಿದೆ ಒಂದು ಉದಾಹರಣೆ ಕೊಟ್ಟಿದೆ, ನಮ್ಮ ಊರಿನ ಪ್ರತಿ ಗ್ಯಾರೇಜಿನವರೂ ಅದನ್ನು ತಿಳಿದಿರಬೇಕು. ದರ್ಜಿಯೊಬ್ಬ ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳ ಸಾಲ ಕೊಡುತ್ತೇನೆ ಎಂದು ಒಪ್ಪಿದ್ದರೆ, ಕೋಟನ್ನು ತಡೆಯುವ ಹಕ್ಕು ಅವನಿಗಿಲ್ಲ. "ಅಡಿಕೆ ಕೊಟ್ಟ ಮೇಲೆ ಹಣ ತರುತ್ತೇನೆ" ಎನ್ನುವವರಿಗೆ "ಅಡ್ಡಿಯಿಲ್ಲ" ಎಂದು ತಲೆಯಾಡಿಸುವ ಅಭ್ಯಾಸ ನಮ್ಮೆಲ್ಲರದು. ಆಮೇಲೆ ಮನಸ್ಸು ಬದಲಿಸಿ ಕೀಲಿ ಕೊಡದಿದ್ದರೆ ಕಾನೂನು ನಮ್ಮ ಕಡೆಗಿರುವುದಿಲ್ಲ. ನೀವು ಅಂಥ ಮಾತು ಕೊಟ್ಟಿದ್ದೀರಾ ಎಂದು ಒಮ್ಮೆ ನೆನಪಿಸಿಕೊಳ್ಳಿ.

ವಾಹನ ನಿಮ್ಮಲ್ಲಿರುವಷ್ಟು ದಿನ ಅದರ ಕ್ಷೇಮವೂ ನಿಮ್ಮದೇ. ಟಾರ್ಪಾಲು ಹೊದಿಸಿ, ಬ್ಯಾಟರಿ ತಂತಿ ಬಿಚ್ಚಿಡಿ, ಸ್ಪೇರ್ ಪಾರ್ಟ್ಸ್ ತರಲೆಂದು ಬದಿಯಡ್ಕಕ್ಕೂ ಅದನ್ನು ಓಡಿಸಬೇಡಿ. ಮಾರಿ ಹಣ ಮಾಡಿಕೊಳ್ಳುವ ಅಧಿಕಾರ ಈ ಹಕ್ಕಿನಲ್ಲಿ ಇಲ್ಲವೇ ಇಲ್ಲ.

ಇನ್ನು ಬಿಲ್ಲು. ಅದರಲ್ಲಿ 18 ಶೇಕಡಾ ಜಿಎಸ್‌ಟಿ ಎಂದು 2,340 ರೂಪಾಯಿ ಹಾಕಿದ್ದೀರಿ. ನಿಮ್ಮ ನೋಂದಣಿ ಸಂಖ್ಯೆ ಎಲ್ಲಿಯೂ ಇಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಬಿಡಿಭಾಗ ಕೊಳ್ಳುವಾಗ ಅಂಗಡಿಗೆ ತೆರಿಗೆ ಕೊಟ್ಟಿದ್ದೇನಲ್ಲ ಎಂದು ನಿಮಗೆ ಅನ್ನಿಸಿರಬಹುದು; ಅದು ನಿಮ್ಮ ಖರೀದಿ ಬೆಲೆಯೊಳಗೆ ಸೇರಿಹೋಯಿತು. ವರ್ಷದ ವಹಿವಾಟು 20 ಲಕ್ಷ ದಾಟಿದ್ದರೆ ಮೊದಲು ನೋಂದಣಿ ಮಾಡಿಸಿ. ದಾಟಿಲ್ಲವಾದರೆ ಆ ಸಾಲನ್ನು ಇವತ್ತೇ ತೆಗೆಯಿರಿ. ನಿಮ್ಮ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ.

ಅವರು ಆಯೋಗಕ್ಕೆ ಹೋಗುವುದು ಸುಲಭ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಬಾಕಿ ವಸೂಲಿಗೆ ನಿಮಗೆ ಆ ಬಾಗಿಲಿಲ್ಲ, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಆದ್ದರಿಂದ ಮಾತಾಡಿ ಮುಗಿಸಿ. ಬಿಚ್ಚಿದ ಹಳೆಯ ಸಿಲಿಂಡರ್‌ಗಳನ್ನು ಗುಜರಿಗೆ ಹಾಕಿಲ್ಲ ತಾನೇ? ಅವನ್ನು ಅವರ ಎದುರಿಗಿಟ್ಟು ರಬ್ಬರು ಹರಿದದ್ದನ್ನು ತೋರಿಸಿ. ಕ್ಲಚ್ಚಿನ ಒಂಬತ್ತು ಸಾವಿರ, ಬ್ರೇಕಿನ ಬಿಡಿಭಾಗದ 2,600, ಒಟ್ಟು 11,600 ತೆಗೆದುಕೊಂಡು ಬ್ರೇಕಿನ ಮಜೂರಿ ಬಿಟ್ಟುಬಿಡಿ. ಸರಿಯಾದ ಬಿಲ್ಲು ಬರೆದುಕೊಡಿ. ಬಿಲ್ಲು ಕೊಡದಿರುವುದನ್ನೂ ಅದೇ ಕಾಯಿದೆ ಅನುಚಿತ ವ್ಯಾಪಾರ ಎನ್ನುತ್ತದೆ.

ಒಂದು ಮಾತು ನನ್ನ ಅನುಭವದಿಂದ. ಮುಳ್ಳೇರಿಯದಲ್ಲಿ ನಾನು ವರ್ಕ್‌ಶಾಪ್ ನಡೆಸುತ್ತಿದ್ದಾಗ ಜೀಪು ತಂದವರೊಬ್ಬರು ನಾನು ಕನ್ನಡದಲ್ಲಿ ಬರೆದ ಕಾರ್ಡಿಗೆ ರುಜು ಹಾಕಿದರು. ಕೆಲಸ ಮುಗಿದು ಮೊತ್ತ ಕೇಳಿದ ಮೇಲೆ ಕಾರ್ಡನ್ನು ನನ್ನ ಕೈಗೇ ಕೊಟ್ಟು, "ಇದರಲ್ಲಿ ಏನಿದೆ, ಓದಿ ಹೇಳಿ" ಎಂದು ಮಲಯಾಳದಲ್ಲಿ ಕೇಳಿದರು. ತಾವು ಓದಲಾರದ ಕಾಗದಕ್ಕೆ ಅವರು ರುಜು ಹಾಕಿದ್ದರು. ಹೊಗೆ ನಿಲ್ಲಿಸಿ ಎಂದಷ್ಟೇ ಹೇಳಿದ ನೆನಪು ಅವರಿಗೆ. ಎಂಜಿನ್ ಬಿಚ್ಚುತ್ತೇನೆ ಎಂದು ಬರೆದಿದ್ದೆ ನಾನು. ಅರ್ಧ ಮಜೂರಿ ಹಿಂದಿರುಗಿಸಿದೆ. ಮರುವಾರವೇ ಕಾರ್ಡನ್ನು ಎರಡು ಅಂಕಣ ಮಾಡಿ ಅಚ್ಚು ಹಾಕಿಸಿದೆ, ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. ತುಳು ಮಾತ್ರ ಆಡುವ ಹಿರಿಯರಿಗೆ ಬಾಯಲ್ಲಿ ಓದಿ ಹೇಳಿದ ಮೇಲೆ ರುಜು. ಇಷ್ಟು ಭಾಷೆಗಳ ನಡುವೆ ದುಡಿಯುವ ನಮಗೆ ಇದು ಹೆಚ್ಚುವರಿ ಕೆಲಸವಲ್ಲ, ಕೆಲಸದ ಮೊದಲ ಭಾಗ.

ನಡುವೆ ಹೊಸ ದೋಷ ಕಂಡರೆ ಸ್ಪ್ಯಾನರ್ ಕೆಳಗಿಡಿ. ಫೋಟೋ, ಮೊತ್ತ ಎರಡನ್ನೂ ವಾಟ್ಸಾಪಿನಲ್ಲಿ ಕಳುಹಿಸಿ, ಉತ್ತರ ಬರೆದು ಬಂದ ಮೇಲೆಯೇ ಮುಂದುವರಿಯಿರಿ. ಬ್ರೇಕಿನಂಥ ಕೆಲಸ ಬೇಡ ಎಂದರೆ "ಸೋರಿಕೆ ತೋರಿಸಿದ್ದೇನೆ, ಮಾಲೀಕರು ಬೇಡವೆಂದರು" ಎಂದು ಬರೆದು ರುಜು ಪಡೆಯಿರಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಬಿಟ್ಟ ಕಾರಿನಿಂದ ಸ್ಟೆಪ್ನಿ ಕಳವಾಗಿದೆ. "ವಾಹನ ಮಾಲೀಕರ ಹೊಣೆ" ಎಂಬ ಬೋರ್ಡ್ ತೋರಿಸುತ್ತಾರೆ. ಏನು ಮಾಡಲಿ? (ಕುಂಬಳೆ)

ಉತ್ತರ: ಬೋರ್ಡ್ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ದಿಲ್ಲಿಯ ಹೋಟೆಲಿನಲ್ಲಿ ಸಿಬ್ಬಂದಿಗೆ ಕೀಲಿ ಒಪ್ಪಿಸಿದ ಕಾರು ಕಳವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಹೇಳಿತು. ಆದರೆ ಬಿಡುವಾಗ ಸ್ಟೆಪ್ನಿ ಇತ್ತೆಂದು ನಿಮ್ಮ ಕಾರ್ಡಿನಲ್ಲಿ ಬರೆದಿದೆಯೇ? ಇದ್ದರೆ ಲಿಖಿತ ನೋಟಿಸ್ ಕೊಡಿ. ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಪ್ರಶ್ನೆ: ಹಳೆಯ ಎಂಜಿನ್ ಆಯಿಲ್ ಅನ್ನು ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೇಳುತ್ತಾರೆ. ಕೊಡಬಹುದೇ? (ಉಪ್ಪಳ)

ಉತ್ತರ: ಕೊಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು, ರಸೀದಿ ನಿಮ್ಮ ಫೈಲಿನಲ್ಲಿರಬೇಕು. ನಮ್ಮ ನೆಲ ಮುರಕಲ್ಲು, ಸುರಿದದ್ದನ್ನೆಲ್ಲ ಕೆಳಗಿಳಿಸುತ್ತದೆ. ಬ್ಯಾರೆಲನ್ನು ಸಿಮೆಂಟ್ ಕಟ್ಟೆಯ ಮೇಲೆ, ಬಾವಿಯಿಂದ ದೂರ ಇಡಿ.