ಕಾಲು ಊದುವ ಮೊದಲೇ ತೂಕ ಏರಿರುತ್ತದೆ

ಪ್ರಶ್ನೆ: ಸಿಸ್ಟರ್, ಅಪ್ಪನಿಗೆ 68 ವರ್ಷ. ಹಾರ್ಟ್ ವೀಕ್ ಅಂತ ಎಂಟು ದಿನ ಆಸ್ಪತ್ರೆಯಲ್ಲಿಟ್ಟು ಕಳಿಸಿದರು. ಈಗ ಊತ ಇಳಿದಿದೆ. ರಾತ್ರಿ ನಾಲ್ಕೈದು ಸಲ ಏಳಬೇಕಲ್ಲ ಅಂತ ಮೂತ್ರದ ಮಾತ್ರೆ ಬಿಟ್ಟಿದ್ದಾರೆ. ಮನೆಗೆ ಬರುವ ನರ್ಸ್ ದಿನಾ ತೂಕ ನೋಡಿ ಅಂತಾರೆ. ಊಟ ಮಾಡಿದರೆ ತೂಕ ಏರುತ್ತೆ ಅಲ್ವಾ, ಇದೆಲ್ಲ ಬೇಕಾ? (ಗುಬ್ಬಿ ತಾಲ್ಲೂಕಿನ ಓದುಗರು)

ಉತ್ತರ: ಬೇಕು. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಪ್ರತಿ ಸಲವೂ ನನಗೆ ಸಿಟ್ಟಿಗಿಂತ ಭಯ ಜಾಸ್ತಿ. ಊತ ಇಳಿದದ್ದೇ ಆ ಮಾತ್ರೆಯಿಂದ. ಇಳಿಯಿತು ಅಂತ ಅದನ್ನೇ ಬಿಟ್ಟರೆ ಹೇಗೆ? ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ದಿನದಿಂದ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಿ. ರಾತ್ರಿ ಏಳುವುದು ಕಷ್ಟವಾದರೆ ಮಾತ್ರೆಯ ಹೊತ್ತು ಬದಲಿಸಬಹುದಾ ಅಂತ ಕೇಳಿ. ಬೆಳಿಗ್ಗೆ ತಗೊಂಡರೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಅದರ ಜೋರು ಮುಗಿದಿರುತ್ತದೆ.

ಇನ್ನು ತೂಕ. ಮುದ್ದೆ ಉಂಡು ಯಾರೂ ಮೂರು ದಿನಕ್ಕೆ ಎರಡು ಕಿಲೋ ದಪ್ಪ ಆಗುವುದಿಲ್ಲ. ಏರುವುದು ನೀರು. ಒಂದು ಲೀಟರ್ ನಿಂತರೆ ಒಂದು ಕಿಲೋ. ಹೃದಯ ಸರಿಯಾಗಿ ತಳ್ಳದಿದ್ದರೆ ಕಿಡ್ನಿಗೆ ರಕ್ತ ಸಾಲುವುದಿಲ್ಲ. ಆಗ ಅದು ಉಪ್ಪು, ನೀರು ಎರಡನ್ನೂ ಮೈಯಲ್ಲೇ ಹಿಡಿದಿಡುತ್ತದೆ. ಕಣ್ಣಿಗೆ ಕಾಣುವಷ್ಟು ಕಾಲು ಊದುವ ಹೊತ್ತಿಗೆ ಲೀಟರ್‌ಗಟ್ಟಲೆ ನಿಂತಿರುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ತೋಟದ ಮನೆಗೆ ಹೋಗಿದ್ದೆ. ಅಜ್ಜಿಯ ತೂಕವನ್ನು ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು: 52, 52.4, 53.3, 54.5. ಎಷ್ಟು ಏರಿದರೆ ಫೋನ್ ಮಾಡಬೇಕು ಅಂತ ಆ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಜ್ಜಿಯ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಎರಡು ರಾತ್ರಿಯಿಂದ ಗೋಡೆಗೆ ಒರಗಿ ಕೂತೇ ನಿದ್ದೆ. "ಸೆಖೆ ಕಣಮ್ಮಾ, ಮಲಗಕ್ಕಾಗಲ್ಲ" ಅಂದರು. ಸೆಖೆಯಲ್ಲ, ಶ್ವಾಸಕೋಶಕ್ಕೆ ನೀರು ಬಂದಿತ್ತು. ಅವತ್ತೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ದಿನ ಮೊದಲು ಫೋನ್ ಬಂದಿದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ಹೆಚ್ಚಿಸಿ ನೋಡಬಹುದಿತ್ತು.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು, ತೆಳು ಬಟ್ಟೆಯಲ್ಲಿ ನೋಡಿ. ಮಷೀನ್ ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲೆ ಬೇಡ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಅಪ್ಪ ಚೆನ್ನಾಗಿದ್ದೀನಿ ಅಂದರೂ, ಅವತ್ತೇ ಫೋನ್. ಉಸಿರು ಕಟ್ಟುತ್ತಿದ್ದರೆ ನರ್ಸಿಗೆ ಕಾಯಬೇಡಿ, 108ಕ್ಕೆ ಮಾಡಿ. ಅಮೆರಿಕದಲ್ಲಿ 70 ದಾಟಿದ 282 ರೋಗಿಗಳ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರ್ಸ್ ಮುಂದಾಳತ್ವದಲ್ಲಿ ಆರೈಕೆ ಪಡೆದ ರೋಗಿಗಳು ಇದೇ ಕಾಯಿಲೆಗೆ ಮತ್ತೆ ಆಸ್ಪತ್ರೆ ಸೇರಿದ್ದು ಉಳಿದವರ ಅರ್ಧದಷ್ಟೂ ಇರಲಿಲ್ಲ.

ಪ್ರಶ್ನೆ: ಎಳನೀರು ಕುಡಿದರೆ ಊತ ಇಳಿಯುತ್ತಂತೆ? (ತಿಪಟೂರು)

ಉತ್ತರ: ಇಳಿಯುವುದಿಲ್ಲ. ತೆಂಗಿನ ಸೀಮೆಯಲ್ಲಿ ಇದನ್ನು ಹೇಳುವುದು ನನಗೂ ಕಷ್ಟ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಹೊರಹೋಗದಂತೆ ತಡೆಯುವ ಮೂತ್ರದ ಮಾತ್ರೆ) ತಗೊಳ್ಳುವವರಿಗೆ, ಕಿಡ್ನಿ ಸೋತವರಿಗೆ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ರಕ್ತಪರೀಕ್ಷೆ ನೋಡಿ ಡಾಕ್ಟರ್ ಸರಿ ಅನ್ನುವವರೆಗೆ ಬೇಡ.

ಪ್ರಶ್ನೆ: ಸೈಂಧವ ಲವಣ ಹಾಕಬಹುದಾ?

ಉತ್ತರ: ಅದೂ ಉಪ್ಪೇ.

ಪ್ರಶ್ನೆ: ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್?

ಉತ್ತರ: ಬೇಡವೇ ಬೇಡ, ನೀರು ನಿಲ್ಲಿಸುತ್ತದೆ.

ಪ್ರಶ್ನೆ: ನಾಟಿ ಪುಡಿ ಕೊಡುವವರು ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅಂತಾರೆ. (ಶಿರಾ)

ಉತ್ತರ: ಹಾಗಂದ ಕೂಡಲೇ ಎದ್ದು ಬನ್ನಿ. ನಡುರಾತ್ರಿ ಉಸಿರು ಕಟ್ಟಿದರೆ ಅವರು ಬರುವುದಿಲ್ಲ. ಪುಡಿ ಈಗಾಗಲೇ ಶುರು ಮಾಡಿದ್ದರೆ ಆ ಪೊಟ್ಟಣವನ್ನೂ ಡಾಕ್ಟರಿಗೆ ತೋರಿಸಿ.